ರಿಯಾಯಿತಿ ದರದ ವಸ್ತು ಕೆಟ್ಟರೆ ಅಂಗಡಿ ವಾಪಸ್ ಪಡೆಯಬೇಕೇ?

ರಿಯಾಯಿತಿ ಮಾರಾಟದ ಭರಾಟೆ ಶುರುವಾದಾಗಲೆಲ್ಲ ಎರಡು ಬಗೆಯ ಸುದ್ದಿಗಳು ಹಿಂದೆಮುಂದೆ ಬರುತ್ತವೆ. ‘ಒಮ್ಮೆ ಮಾರಿದ ಸರಕನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಮುದ್ರಿಸಿದ್ದ ವ್ಯಾಪಾರಿಗೆ ಗ್ರಾಹಕ ಆಯೋಗ ಛೀಮಾರಿ ಹಾಕಿತು ಎಂಬುದು ಒಂದು. ವಸ್ತುವಿನ ಸ್ಥಿತಿ ಗೊತ್ತಿದ್ದೇ ಕೊಂಡವರಿಗೆ ಪರಿಹಾರವಿಲ್ಲ ಎಂದು ದೂರು ವಜಾ ಆಯಿತು ಎಂಬುದು ಇನ್ನೊಂದು. ಎರಡನ್ನೂ ಓದಿದವರಿಗೆ ಕಾನೂನು ಯಾರ ಪರ ಇದೆ ಎಂಬುದೇ ತಿಳಿಯುವುದಿಲ್ಲ. ಮಳಿಗೆಯಲ್ಲಿ ತಿಂಗಳುಗಟ್ಟಲೆ ಪ್ರದರ್ಶನಕ್ಕಿಟ್ಟಿದ್ದ ಟಿ.ವಿ.ಯನ್ನು ಕಡಿಮೆ ಬೆಲೆಗೆ ಕೊಂಡ ಮೇಲೆ ಎರಡನೇ ವಾರಕ್ಕೇ ಪರದೆ ಕಪ್ಪಾದರೆ ಕೇಳುವ ಹಕ್ಕು ಇದೆಯೇ? ‘ಅದಕ್ಕೇ ಅಲ್ಲವೇ ಇಷ್ಟು ಕಡಿಮೆಗೆ ಕೊಟ್ಟದ್ದು’ ಎಂಬ ಅಂಗಡಿಯವರ ಉತ್ತರ ಕಾನೂನಿನ ಮುಂದೆ ನಿಲ್ಲುತ್ತದೆಯೇ?

ಗ್ರಾಹಕ ಕಾನೂನು ಗಟ್ಟಿಯಾಗಿರುವ ಬಹುಪಾಲು ದೇಶಗಳು ಕೊಡುವ ಉತ್ತರ ಒಂದೇ ದಿಕ್ಕಿನದು. ಬೆಲೆ ಇಳಿಸಿದ ಮಾತ್ರಕ್ಕೆ ಕೊಂಡವರ ಹಕ್ಕು ಇಳಿಯುವುದಿಲ್ಲ. ಕೊಳ್ಳುವ ಮುನ್ನ ಯಾವ ದೋಷವನ್ನು ತೋರಿಸಲಾಗಿತ್ತೋ, ಅಥವಾ ಯಾವುದು ಕಣ್ಣಿಗೆ ಬೀಳಲೇಬೇಕಾಗಿತ್ತೋ, ಆ ದೋಷದ ಮಟ್ಟಿಗೆ ಮಾತ್ರ ಹಕ್ಕು ಕುಗ್ಗುತ್ತದೆ. ಪರಸ್ಪರ ವಿರುದ್ಧವೆಂದು ಕಾಣುವ ಆದೇಶಗಳಲ್ಲಿ ಹೆಚ್ಚಿನವು ಈ ಗೆರೆಯ ಆಚೆಗೋ ಈಚೆಗೋ ಬೀಳುವಂಥವು.

ಮನಸ್ಸು ಬದಲಾದದ್ದು ಬೇರೆ, ವಸ್ತು ಕೆಟ್ಟದ್ದು ಬೇರೆ

ಗೊಂದಲದ ಅರ್ಧಭಾಗ ಇಲ್ಲಿಯೇ ಹುಟ್ಟುತ್ತದೆ. ಅಂಗಿಯ ಬಣ್ಣ ಮನೆಗೆ ಬಂದ ಮೇಲೆ ಹಿಡಿಸಲಿಲ್ಲ, ಸೋಫಾ ಕೋಣೆಗೆ ದೊಡ್ಡದಾಯಿತು, ಅದೇ ವಸ್ತು ಬೇರೆಡೆ ಇನ್ನೂ ಅಗ್ಗಕ್ಕೆ ಸಿಕ್ಕಿತು ಎಂಬ ಕಾರಣಗಳಿಗೆ ವಾಪಸ್ ಕೊಡುವುದು ಒಂದು ವಿಷಯ. ಅಂಗಡಿಗೆ ಹೋಗಿ, ನೋಡಿ, ಕೊಂಡ ವಸ್ತುವನ್ನು ಹೀಗೆ ಮರಳಿಸುವ ಹಕ್ಕನ್ನು ಭಾರತದ ಕಾನೂನೂ ಕೊಡುವುದಿಲ್ಲ, ಬ್ರಿಟನ್ನಿನ ಕಾನೂನೂ ಕೊಡುವುದಿಲ್ಲ. ಅಂಗಡಿಯವರು ಒಪ್ಪಿದರೆ ಅದು ಅವರ ಸೌಜನ್ಯ ಅಥವಾ ಅವರೇ ಘೋಷಿಸಿಕೊಂಡ ನಿಯಮ. ಸೌಜನ್ಯಕ್ಕೆ ಷರತ್ತು ಹಾಕುವ ಸ್ವಾತಂತ್ರ್ಯ ಅವರಿಗಿದೆ. ಪೂರ್ಣ ಬೆಲೆಯ ವಸ್ತುವಿಗೆ ಹದಿನೈದು ದಿನ, ರಿಯಾಯಿತಿಯದಕ್ಕೆ ಇಲ್ಲ ಎಂದರೆ ಆಕ್ಷೇಪಿಸುವಂತಿಲ್ಲ.

ವಸ್ತು ಕೆಟ್ಟಿದ್ದರೆ, ಹೇಳಿದಂತೆ ಇಲ್ಲದಿದ್ದರೆ, ಅದು ಮಾಡಬೇಕಾದ ಕೆಲಸವನ್ನು ಮಾಡದಿದ್ದರೆ ಮಾತು ಬೇರೆಯಾಗುತ್ತದೆ. ಇಲ್ಲಿ ಅಂಗಡಿಯ ಫಲಕಕ್ಕೆ ಕಾನೂನನ್ನು ಅಳಿಸುವ ಶಕ್ತಿ ಇಲ್ಲ. ತೊಂದರೆ ಏನೆಂದರೆ, ‘ರಿಯಾಯಿತಿ ಸರಕು ವಾಪಸ್ ಇಲ್ಲ’ ಎಂಬ ಫಲಕ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತದೆ. ಮೊದಲನೆಯದರ ಬಗ್ಗೆ ಅದು ಹೇಳುವುದು ನಿಜ, ಎರಡನೆಯದರ ಬಗ್ಗೆ ಸುಳ್ಳು. ಅದನ್ನು ಓದಿದ ಗ್ರಾಹಕರು ಎರಡನ್ನೂ ನಂಬಿ, ನಿಜವಾಗಿ ದೋಷವಿದ್ದ ವಸ್ತುವನ್ನೂ ಬಾಯಿ ಮುಚ್ಚಿಕೊಂಡು ಇಟ್ಟುಕೊಳ್ಳುತ್ತಾರೆ. ಆಸ್ಟ್ರೇಲಿಯಾದಲ್ಲಿ ‘ರಿಯಾಯಿತಿ ವಸ್ತುಗಳಿಗೆ ಹಣ ವಾಪಸ್ ಇಲ್ಲ’ ಎಂಬ ಫಲಕ ಹಾಕುವುದನ್ನೇ ಕಾನೂನುಬಾಹಿರವೆಂದು ಪರಿಗಣಿಸುವುದು ಈ ಕಾರಣಕ್ಕೆ. ಫಲಕ ನ್ಯಾಯಾಲಯದಲ್ಲಿ ಸೋಲಬಹುದು, ಆದರೆ ಅಂಗಡಿಯೊಳಗೆ ದಿನವೂ ಅದೇ ಗೆಲ್ಲುತ್ತಿರುತ್ತದೆ ಎಂಬ ವಾಸ್ತವವನ್ನು ಆ ದೇಶ ಗುರುತಿಸಿದೆ.

ತೋರಿಸಿದ ದೋಷ, ಮುಚ್ಚಿಟ್ಟ ದೋಷ

ಭಾರತದ ಸರಕು ಮಾರಾಟ ಕಾಯ್ದೆ 1930ರದು. ಅದರ 16ನೇ ಕಲಮಿನ ಪ್ರಕಾರ, ಅಂಥ ಸರಕಿನ ವ್ಯಾಪಾರ ಮಾಡುವವರಿಂದ ವಿವರಣೆಯ ಮೇರೆಗೆ ಕೊಂಡ ವಸ್ತು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ವ್ಯವಹಾರದೊಳಗೇ ಅಡಗಿರುವ ಷರತ್ತು ಅದು. ಇದಕ್ಕೊಂದು ವಿನಾಯಿತಿ ಇದೆ: ಕೊಳ್ಳುವವರು ವಸ್ತುವನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಗೊತ್ತಾಗಲೇಬೇಕಾಗಿದ್ದ ದೋಷಗಳಿಗೆ ಈ ಷರತ್ತು ಅನ್ವಯಿಸುವುದಿಲ್ಲ.

ಡಿಸ್‌ಪ್ಲೇ ಪೀಸ್‌ಗಳ, ಅಂದರೆ ಮಳಿಗೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದ ವಸ್ತುಗಳ ಜಗಳವೆಲ್ಲ ಇರುವುದು ಈ ವಿನಾಯಿತಿಯಲ್ಲಿ. ಫ್ರಿಜ್‌ನ ಬಾಗಿಲಿನ ಮೇಲೆ ತಗ್ಗು ಬಿದ್ದಿದ್ದು, ಅದನ್ನು ಕಂಡೇ ಕೊಂಡಿದ್ದರೆ ಆಮೇಲೆ ತಗ್ಗಿನ ಬಗ್ಗೆ ದೂರುವಂತಿಲ್ಲ. ಆದರೆ ಫ್ರಿಜ್ ತಣ್ಣಗಾಗದಿದ್ದರೆ? ಅಂಗಡಿಯಲ್ಲಿ ಅದಕ್ಕೆ ವಿದ್ಯುತ್ ಸಂಪರ್ಕವೇ ಇರಲಿಲ್ಲ, ಬಾಗಿಲು ತೆಗೆದು ನೋಡಿದ ಮಾತ್ರಕ್ಕೆ ಕಂಪ್ರೆಸರ್ ಕೆಟ್ಟಿರುವುದು ಯಾರಿಗೂ ತಿಳಿಯುವಂತಿರಲಿಲ್ಲ. ಹಾಗಾಗಿ ಆ ದೋಷಕ್ಕೆ ಮಾರಾಟಗಾರರೇ ಹೊಣೆ. ತಗ್ಗಿಗಾಗಿ ಬೆಲೆ ಇಳಿಸಿದವರು ಕಂಪ್ರೆಸರಿಗಾಗಿ ಇಳಿಸಿರಲಿಲ್ಲ.

ಇದೇ ತರ್ಕವನ್ನು ಬೇರೆ ದೇಶಗಳು ಇನ್ನಷ್ಟು ಬಿಗಿ ಮಾಡಿಕೊಂಡಿವೆ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ, ಒಪ್ಪಂದಕ್ಕೆ ಮೊದಲು ನಿರ್ದಿಷ್ಟವಾಗಿ ಗ್ರಾಹಕರ ಗಮನಕ್ಕೆ ತಂದ ದೋಷ ಅಥವಾ ಅವರು ನಡೆಸಿದ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷ ಲೆಕ್ಕಕ್ಕೆ ಬರುವುದಿಲ್ಲ, ಉಳಿದದ್ದೆಲ್ಲ ಬರುತ್ತದೆ. ಆಸ್ಟ್ರೇಲಿಯಾದ ಕಾನೂನು ಮಾರಾಟಕ್ಕೆ ಪ್ರದರ್ಶಿಸಿದ ವಸ್ತುಗಳನ್ನೇ ಹೆಸರಿಸಿ ಮಾತಾಡುತ್ತದೆ: ದೋಷವನ್ನು ಸ್ಪಷ್ಟವಾಗಿ ಬರೆದು ವಸ್ತುವಿನ ಜೊತೆಗೇ ಇಟ್ಟಿದ್ದರೆ ಅದನ್ನು ಗ್ರಾಹಕರ ಗಮನಕ್ಕೆ ತಂದಂತೆ ಎನ್ನುತ್ತದೆ. ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ಎಲ್ಲರಿಗಿಂತ ಕಟ್ಟುನಿಟ್ಟು. ವಸ್ತುವಿನ ಯಾವ ಗುಣ ಕಡಿಮೆ ಇದೆ ಎಂದು ನಿರ್ದಿಷ್ಟವಾಗಿ ಹೇಳಿರಬೇಕು, ಗ್ರಾಹಕರು ಅದನ್ನು ಸ್ಪಷ್ಟವಾಗಿ, ಪ್ರತ್ಯೇಕವಾಗಿ ಒಪ್ಪಿರಬೇಕು. ಬಿಲ್ಲಿನ ಹಿಂಬದಿಯ ಸಣ್ಣ ಅಕ್ಷರದ ಷರತ್ತು ಅಲ್ಲಿ ಸಾಲದು.

ಕಣ್ಣಿಗೆ ಬೀಳಬೇಕಾಗಿತ್ತು ಎಂಬ ಹಂತದಿಂದ ಬಾಯಲ್ಲಿ ಹೇಳಿರಬೇಕು, ಬರೆದಿರಬೇಕು, ಪ್ರತ್ಯೇಕ ಒಪ್ಪಿಗೆ ಪಡೆದಿರಬೇಕು ಎಂಬ ಹಂತಗಳವರೆಗೆ ಹೊಣೆ ಮೆಲ್ಲಮೆಲ್ಲನೆ ಕೊಳ್ಳುವವರಿಂದ ಮಾರುವವರ ಕಡೆಗೆ ಸರಿದಿದೆ. ಇದು ಸರಿಯಾದ ದಿಕ್ಕು. ಆ ವಸ್ತುವನ್ನು ಎಷ್ಟು ಕಾಲ ಚಾಲೂ ಇಡಲಾಗಿತ್ತು, ಎಷ್ಟು ಕೈಗಳು ಅದನ್ನು ತಿರುವಿದ್ದವು, ಹಿಂದೆ ಯಾರಾದರೂ ಕೊಂಡು ಮರಳಿಸಿದ್ದರೇ ಎಂಬುದು ಅಂಗಡಿಯವರಿಗೆ ಗೊತ್ತು, ಎದುರು ನಿಂತವರಿಗೆ ಗೊತ್ತಿಲ್ಲ. ಗೊತ್ತಿರುವವರೇ ಹೇಳಬೇಕು.

ಬಿಲ್ಲಿನಲ್ಲಿರುವ ಅವಧಿ ಮತ್ತು ಮೂವತ್ತು ದಿನ

ಭಾರತದ ಓದುಗರಿಗೆ ಹೆಚ್ಚು ಗೊಂದಲ ತರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಒಂದು ವಾಕ್ಯ. 2020ರ ಜುಲೈನಲ್ಲಿ ಜಾರಿಗೆ ಬಂದ ಈ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಗೆ ಹೊಸದೊಂದನ್ನು ಸೇರಿಸಿತು. ದೋಷಯುಕ್ತ ಸರಕನ್ನು ವಾಪಸ್ ಪಡೆದು ಹಣ ಮರಳಿಸಲು ನಿರಾಕರಿಸುವುದೇ ಆ ಹೊಸ ಸೇರ್ಪಡೆ. ಬಿಲ್ ಅಥವಾ ರಸೀದಿಯಲ್ಲಿ ನಮೂದಿಸಿದ ಅವಧಿಯೊಳಗೆ, ಅಂಥ ನಮೂದು ಇಲ್ಲದಿದ್ದರೆ ಮೂವತ್ತು ದಿನಗಳೊಳಗೆ ಇದು ಆಗಬೇಕು ಎಂದು ಕಾಯ್ದೆ ಹೇಳುತ್ತದೆ.

ಈ ವಾಕ್ಯವನ್ನು ವ್ಯಾಪಾರಿಗಳು ಓದುವ ಬಗೆಯೇ ಬೇರೆ. ಅವಧಿಯನ್ನು ಬಿಲ್ಲಿನಲ್ಲಿ ನಮೂದಿಸುವ ಅಧಿಕಾರ ನಮಗಿದೆ, ಹಾಗಾಗಿ ರಿಯಾಯಿತಿ ಸರಕಿಗೆ ಎರಡು ದಿನ ಎಂದು ಬರೆದರೆ ಎರಡೇ ದಿನ ಎನ್ನುತ್ತಾರೆ. ಗ್ರಾಹಕರ ಪರ ವಾದಿಸುವವರು, ಅವಧಿಯನ್ನು ನಮೂದಿಸುವುದು ಬೇರೆ, ಹಕ್ಕನ್ನೇ ಇಲ್ಲವಾಗಿಸುವುದು ಬೇರೆ ಎನ್ನುತ್ತಾರೆ. ‘ವಾಪಸ್ ಇಲ್ಲ’ ಎಂಬ ಮುದ್ರೆ ಯಾವ ಅವಧಿಯನ್ನೂ ಹೇಳುವುದಿಲ್ಲ. ಹಾಗಾದರೆ ಅವಧಿಯ ನಮೂದೇ ಇಲ್ಲವೆಂದಾಯಿತು, ಮೂವತ್ತು ದಿನಗಳ ನಿಯಮ ತಾನಾಗಿ ಅನ್ವಯಿಸುತ್ತದೆ.

ಎರಡನೆಯ ಓದು ಹೆಚ್ಚು ಗಟ್ಟಿ ಎಂದು ನನಗನ್ನಿಸುತ್ತದೆ. ಗ್ರಾಹಕರ ರಕ್ಷಣೆಗೆಂದು ಬರೆದ ಕಲಮನ್ನು ಒಂದು ರಬ್ಬರ್ ಮುದ್ರೆಯಿಂದ ಶೂನ್ಯಗೊಳಿಸಬಹುದೆಂದು ಓದಿದರೆ ಆ ಕಲಮಿಗೆ ಅರ್ಥವೇ ಉಳಿಯುವುದಿಲ್ಲ. ಆದರೆ ಬಿಲ್ಲಿನಲ್ಲಿ ‘ಎರಡು ದಿನ’ ಎಂದು ನಿಜವಾಗಿಯೂ ನಮೂದಿಸಿದ್ದರೆ ಏನು? ಕಾಯ್ದೆ ಕನಿಷ್ಠ ಮಿತಿ ಹಾಕಿಲ್ಲ. ಇದು ಕಾನೂನಿನ ಲೋಪ. ಆಗಲೂ ದಾರಿ ಮುಚ್ಚುವುದಿಲ್ಲ, ಏಕೆಂದರೆ ದೋಷಯುಕ್ತ ಸರಕಿನ ಬಗ್ಗೆ ದೂರು ಕೊಡುವ ಹಕ್ಕು ಇದೇ ಕಾಯ್ದೆಯಲ್ಲಿ ಪ್ರತ್ಯೇಕವಾಗಿದೆ. ಅದಕ್ಕೆ ಕಾಲಮಿತಿ ಎರಡು ವರ್ಷ. ಅಂಗಡಿಯ ಕೌಂಟರಿನಲ್ಲಿ ಮುಗಿದ ಅವಧಿ ಆಯೋಗದ ಮುಂದೆ ಮುಗಿದಿರುವುದಿಲ್ಲ.

ಹಣದ ಬದಲು ‘ಕ್ರೆಡಿಟ್ ನೋಟ್’, ಅಂದರೆ ಅದೇ ಅಂಗಡಿಯಲ್ಲಿ ಅಷ್ಟು ಮೊತ್ತಕ್ಕೆ ಬೇರೆ ವಸ್ತು ಕೊಳ್ಳಬಹುದಾದ ಚೀಟಿ ಕೊಡುವ ರೂಢಿಯನ್ನೂ ಇಲ್ಲಿ ಹೇಳಬೇಕು. ಕಾಯ್ದೆ ಹೇಳುವುದು ಪಡೆದ ಹಣವನ್ನು ಮರಳಿಸುವ ಬಗ್ಗೆ. ಮನಸ್ಸು ಬದಲಾಯಿಸಿ ಬಂದವರಿಗೆ ಅಂಗಡಿ ಕ್ರೆಡಿಟ್ ನೋಟ್ ಕೊಡಲಿ. ಕೆಟ್ಟ ವಸ್ತು ಹಿಡಿದು ಬಂದವರು ಅದೇ ಅಂಗಡಿಯಲ್ಲಿ ಮತ್ತೊಂದನ್ನು ಕೊಳ್ಳಲೇಬೇಕೆಂಬ ಒತ್ತಾಯಕ್ಕೆ ಆಧಾರವಿಲ್ಲ. ಮರಳಿಸಬೇಕಾದ ಮೊತ್ತ ಗ್ರಾಹಕರು ನಿಜವಾಗಿ ಕೊಟ್ಟದ್ದು, ಪೆಟ್ಟಿಗೆಯ ಮೇಲಿನ ಗರಿಷ್ಠ ಬೆಲೆಯಲ್ಲ. ಅದು ನ್ಯಾಯವೂ ಹೌದು.

ಹೊಸದೂ ಅಲ್ಲ, ಹಳೆಯದೂ ಅಲ್ಲ

ಡಿಸ್‌ಪ್ಲೇ ಪೀಸ್ ಎಂಬುದು ಒಂದು ವಿಚಿತ್ರ ವರ್ಗ. ಅದನ್ನು ಯಾರೂ ಕೊಂಡು ಬಳಸಿಲ್ಲ, ಆದರೆ ಬಳಕೆಯಾಗಿದೆ. ಮಳಿಗೆಯ ಟಿ.ವಿ. ಬೆಳಗಿನಿಂದ ರಾತ್ರಿಯವರೆಗೆ ಪ್ರಖರ ಬೆಳಕಿನಲ್ಲಿ ಓಡುತ್ತಿರುತ್ತದೆ. ಒಎಲ್ಇಡಿ ಪರದೆಗಳಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಅದರ ನೆರಳು ಶಾಶ್ವತವಾಗಿ ಉಳಿಯುವ ಅಪಾಯವಿದೆ. ಲ್ಯಾಪ್‌ಟಾಪ್ ಸದಾ ಚಾರ್ಜರಿಗೆ ಅಂಟಿಕೊಂಡಿದ್ದು, ಬ್ಯಾಟರಿ ತುಂಬಿದ ಸ್ಥಿತಿಯಲ್ಲಿಯೇ ಬಿಸಿಯಾಗುತ್ತ ಸವೆಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಪ್ರದರ್ಶನದ ವಾಷಿಂಗ್ ಮೆಷಿನ್ ಒಂದು ಹನಿ ನೀರನ್ನೂ ಕಂಡಿರಲಾರದು. ಅದರ ಕೊರತೆ ಬಹುಶಃ ಒಂದು ಗೀಚು, ಇಲ್ಲವೇ ಕಳೆದುಹೋದ ಒಂದು ಪೈಪು. ‘ಡಿಸ್‌ಪ್ಲೇ ಪೀಸ್’ ಎಂಬ ಒಂದೇ ಚೀಟಿ ಈ ಎಲ್ಲದಕ್ಕೂ ಅಂಟಿರುತ್ತದೆ. ಅದಕ್ಕೇ ಆ ಚೀಟಿಯಿಂದ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ.

ಕಾನೂನು ಇದನ್ನು ಹೊಸದೆನ್ನಬೇಕೇ, ಬಳಸಿದ್ದೆನ್ನಬೇಕೇ? ಐರೋಪ್ಯ ಒಕ್ಕೂಟದಲ್ಲಿ ಈ ಪ್ರಶ್ನೆಗೆ ಬೆಲೆ ಇದೆ. ಅಲ್ಲಿ ಮಾರಾಟಗಾರರ ಹೊಣೆ ಎರಡು ವರ್ಷ. ಬಳಸಿದ ವಸ್ತುವಿಗೆ ಅದನ್ನು ಪರಸ್ಪರ ಒಪ್ಪಂದದಿಂದ ಕಡಿಮೆ ಮಾಡಲು ಸದಸ್ಯ ದೇಶಗಳು ಅವಕಾಶ ಕೊಡಬಹುದು, ಆದರೆ ಒಂದು ವರ್ಷಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಬ್ರಿಟನ್ನಿನ ಕಾನೂನು ಬೇರೆ ದಾರಿ ಹಿಡಿದಿದೆ. ಗುಣಮಟ್ಟ ತೃಪ್ತಿಕರವೇ ಎಂದು ಅಳೆಯುವಾಗ ವಿವರಣೆ, ಬೆಲೆ ಮತ್ತಿತರ ಸಂದರ್ಭಗಳನ್ನು ಪರಿಗಣಿಸಬೇಕು ಎನ್ನುತ್ತದೆ. ಹೀಗಾಗಿ ಬೆಲೆ ಪೂರ್ತಿ ಅಪ್ರಸ್ತುತವಲ್ಲ. ಭಾರಿ ರಿಯಾಯಿತಿಯಲ್ಲಿ ಕೊಂಡ ಪ್ರದರ್ಶನದ ಸೋಫಾದ ಬಟ್ಟೆ ತುಸು ಮಾಸಿದ್ದರೆ ಸಹಿಸಬೇಕಾಗಬಹುದು. ಅದರ ಕಾಲು ಮುರಿದರೆ ಸಹಿಸಬೇಕಾಗಿಲ್ಲ.

ವಾರಂಟಿಯ ವಿಷಯದಲ್ಲಿ ಇನ್ನೊಂದು ಬಲೆ ಇದೆ. ವಾರಂಟಿ ತಯಾರಕರ ಭರವಸೆ. ದೋಷಕ್ಕೆ ಮಾರಾಟಗಾರರ ಹೊಣೆ ಅದರಿಂದ ಬೇರೆ, ಒಂದು ಮುಗಿದರೆ ಇನ್ನೊಂದು ಮುಗಿಯಿತೆಂದಲ್ಲ. ಕೆಲವು ಸಾಧನಗಳ ವಾರಂಟಿ ಬಿಲ್ಲಿನ ದಿನದಿಂದ ಶುರುವಾಗುತ್ತದೆ, ಕೆಲವುದರದು ಸಾಧನವನ್ನು ಮೊದಲ ಸಲ ಚಾಲೂ ಮಾಡಿ ನೋಂದಾಯಿಸಿದ ದಿನದಿಂದ. ಪ್ರದರ್ಶನಕ್ಕೆಂದು ಚಾಲೂ ಮಾಡಿದ ಮೊಬೈಲಿನ ವಾರಂಟಿ ಕೊಂಡ ದಿನಕ್ಕೆ ಅರ್ಧ ಕರಗಿರಬಹುದು. ಮೊಬೈಲಿನ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ನೋಡಿದರೆ ಉಳಿದ ಅವಧಿ ಸಾಮಾನ್ಯವಾಗಿ ತಿಳಿಯುತ್ತದೆ. ಹಣ ಕೊಡುವ ಮುನ್ನವೇ ಮಾಡಬೇಕಾದ ಕೆಲಸವಿದು. ‘ಪೂರ್ಣ ವಾರಂಟಿ ಇದೆ’ ಎಂದು ಅಂಗಡಿಯವರು ಹೇಳಿದ್ದರೆ ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಭಾರತದ ಕಾಯ್ದೆಯಲ್ಲಿ ‘ದೋಷ’ ಎಂದರೆ ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕಿಂತ ಕಡಿಮೆ ಇರುವುದೂ ಹೌದು. ಬಾಯಿಮಾತೂ ಅದರೊಳಗೆ ಬರುತ್ತದೆ, ಆದರೆ ಬಾಯಿಮಾತನ್ನು ಸಾಬೀತು ಮಾಡುವುದು ಕಷ್ಟ.

ವ್ಯಾಪಾರಿಗಳ ಅಳಲು

ಅಂಗಡಿಯವರ ವಾದವನ್ನು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಹಳೆಯ ಮಾದರಿಗಳನ್ನು ಖಾಲಿ ಮಾಡುವಾಗ ಅವರಿಗೆ ಉಳಿಯುವ ಲಾಭ ತೆಳ್ಳಗಿರುತ್ತದೆ, ಕೆಲವೊಮ್ಮೆ ಅಸಲೇ ಹುಟ್ಟುವುದಿಲ್ಲ. ವಾಪಸ್ ಬಂದ ವಸ್ತುವನ್ನು ಮತ್ತೆ ಮಾರುವಷ್ಟರಲ್ಲಿ ಬೆಲೆ ಇನ್ನೂ ಬಿದ್ದಿರುತ್ತದೆ. ಸಮಾರಂಭಕ್ಕೊಮ್ಮೆ ಉಟ್ಟು ಮರುದಿನ ಮರಳಿಸುವವರು, ದೊಡ್ಡ ಪಂದ್ಯ ನೋಡಿ ಟಿ.ವಿ. ವಾಪಸ್ ಕೊಡುವವರು ಇದ್ದಾರೆ. ಪ್ರದರ್ಶನದ ವಸ್ತುವಿನಲ್ಲಿ ಯಾವ ಗೀಚು ಮೊದಲೇ ಇತ್ತು, ಯಾವುದು ಮನೆಗೆ ಹೋದ ಮೇಲೆ ಬಿತ್ತು ಎಂದು ಹೇಳುವುದು ಅಂಗಡಿಯವರಿಗೂ ಕಷ್ಟವೇ.

ಈ ಅಳಲಿಗೆ ಮದ್ದು ‘ವಾಪಸ್ ಇಲ್ಲ’ ಎಂಬ ಫಲಕವಲ್ಲ. ದೋಷಗಳನ್ನು ಒಂದೊಂದಾಗಿ ಬರೆದು, ಚಿತ್ರ ತೆಗೆದು, ಗ್ರಾಹಕರ ಸಹಿ ಪಡೆದುಕೊಂಡರೆ ವ್ಯಾಪಾರಿಗೂ ಅದೇ ದೊಡ್ಡ ರಕ್ಷಣೆ. ‘ಎಡಬದಿಯಲ್ಲಿ ಗೀಚು, ರಿಮೋಟ್ ಇಲ್ಲ, ಇಷ್ಟು ಗಂಟೆ ಚಾಲೂ ಇತ್ತು’ ಎಂದು ಬರೆದ ಬಿಲ್ಲಿನ ಮುಂದೆ ದುರುದ್ದೇಶದ ದೂರು ನಿಲ್ಲುವುದಿಲ್ಲ. ಎಲ್ಲವನ್ನೂ ನಿರಾಕರಿಸುವ ಸಾಮಾನ್ಯ ವಾಕ್ಯ ಅಂಥ ರಕ್ಷಣೆ ಕೊಡುವುದಿಲ್ಲ.

‘ಇದ್ದ ಹಾಗೆಯೇ ಮಾರಾಟ’ ಎಂಬ ಷರತ್ತು

ಅಮೆರಿಕದ ಚಿತ್ರ ಬೇರೆ. ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ‘ಇದ್ದ ಹಾಗೆಯೇ’, ‘ಎಲ್ಲ ದೋಷಗಳ ಸಮೇತ’ ಎಂಬ ಮಾತುಗಳನ್ನು ಒಪ್ಪಂದದಲ್ಲಿ ಹಾಕಿ, ವ್ಯವಹಾರದೊಳಗೆ ಅಡಗಿರುವ ಗುಣಮಟ್ಟದ ಖಾತರಿಯನ್ನು ತೆಗೆದುಹಾಕಬಹುದು. ಮ್ಯಾಸಚೂಸೆಟ್ಸ್‌ನಂಥ ಕೆಲವು ರಾಜ್ಯಗಳು ಗ್ರಾಹಕ ಸರಕಿನ ವಿಷಯದಲ್ಲಿ ಇದಕ್ಕೆ ಅವಕಾಶ ಕೊಡುವುದಿಲ್ಲ. ಬ್ರಿಟನ್ನಿನಲ್ಲಿ ಗ್ರಾಹಕರ ಶಾಸನಬದ್ಧ ಹಕ್ಕನ್ನು ಹೀಗೆ ಒಪ್ಪಂದದಿಂದ ಕಿತ್ತುಹಾಕಲು ಬರುವುದಿಲ್ಲ.

ಭಾರತ ನಡುವೆ ನಿಂತಿದೆ. 1930ರ ಕಾಯ್ದೆಯ 62ನೇ ಕಲಮು ಅಡಗಿರುವ ಷರತ್ತುಗಳನ್ನು ಸ್ಪಷ್ಟ ಒಪ್ಪಂದದಿಂದ ಕೈಬಿಡಲು ಅವಕಾಶ ಕೊಡುತ್ತದೆ. 2019ರ ಕಾಯ್ದೆ ಗ್ರಾಹಕರ ಹಕ್ಕಿನಲ್ಲಿ ಗಣನೀಯ ಬದಲಾವಣೆ ತರುವ ಅನುಚಿತ ಒಪ್ಪಂದಗಳನ್ನು ಪ್ರಶ್ನಿಸಲು ದಾರಿ ತೆರೆದಿದೆ. ರಾಜ್ಯ ಆಯೋಗ ಮತ್ತು ರಾಷ್ಟ್ರೀಯ ಆಯೋಗ ಅಂಥ ಷರತ್ತನ್ನು ಅನೂರ್ಜಿತವೆಂದು ಘೋಷಿಸಬಹುದು. ಒಂದು ಕಾಯ್ದೆ ಒಪ್ಪಂದಕ್ಕೆ ಬೆಲೆ ಕೊಡುತ್ತದೆ, ಇನ್ನೊಂದು ಒಪ್ಪಂದವನ್ನೇ ಅನುಮಾನದಿಂದ ನೋಡುತ್ತದೆ. ತೀರ್ಪುಗಳಲ್ಲಿ ಎಳೆದಾಟ ಕಾಣುವುದಕ್ಕೆ ಇದೂ ಒಂದು ಕಾರಣ.

ಆನ್‌ಲೈನ್‌ನಲ್ಲಿ ಕೊಂಡರೆ

ಕೈಯಲ್ಲಿ ಹಿಡಿದು ನೋಡದೆ ಕೊಂಡವರಿಗೆ ಪರೀಕ್ಷಿಸುವ ಅವಕಾಶವೇ ಇರುವುದಿಲ್ಲ. ಆದ್ದರಿಂದ ಐರೋಪ್ಯ ಒಕ್ಕೂಟ ಮತ್ತು ಬ್ರಿಟನ್ನಿನಲ್ಲಿ ಆನ್‌ಲೈನ್ ಖರೀದಿಯನ್ನು ಕಾರಣ ಹೇಳದೆಯೇ ಹದಿನಾಲ್ಕು ದಿನಗಳೊಳಗೆ ರದ್ದು ಮಾಡಬಹುದು. ಕೆಲವು ವಿನಾಯಿತಿಗಳಿವೆ, ಆದರೆ ರಿಯಾಯಿತಿ ಅವುಗಳಲ್ಲಿ ಸೇರಿಲ್ಲ. ಭಾರತದಲ್ಲಿ ಇಂಥ ಸಾಮಾನ್ಯ ಹಕ್ಕು ಇಲ್ಲ. 2020ರ ಇ-ವಾಣಿಜ್ಯ ನಿಯಮಗಳು ಇನ್ನೊಂದು ರಕ್ಷಣೆ ಕೊಟ್ಟಿವೆ: ವಸ್ತು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದ ಲಕ್ಷಣಗಳು ಅದರಲ್ಲಿ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ‘ಓಪನ್ ಬಾಕ್ಸ್’ (ಪೆಟ್ಟಿಗೆ ಈಗಾಗಲೇ ತೆರೆದಿರುವ) ವಸ್ತುಗಳ ಪುಟದಲ್ಲಿ ‘ಬದಲಿ ಮಾತ್ರ, ಮರುಪಾವತಿ ಇಲ್ಲ’ ಎಂಬ ಸಾಲು ಕಂಡವರು ಈ ನಿಯಮವನ್ನು ನೆನಪಿಡಬೇಕು. ಆ ಪುಟದ ಚಿತ್ರವನ್ನು ಖರೀದಿಯ ದಿನವೇ ಉಳಿಸಿಕೊಂಡರೆ ಒಳ್ಳೆಯದು, ವಿವರಣೆಗಳು ಆಮೇಲೆ ಬದಲಾಗುತ್ತವೆ.

ರಿಯಾಯಿತಿಯೇ ನಿಜವಲ್ಲದಿದ್ದರೆ

‘ಅಗ್ಗಕ್ಕೆ ಕೊಟ್ಟಿದ್ದೇವೆ, ಆದ್ದರಿಂದ ಕೇಳಬೇಡಿ’ ಎಂಬ ವಾದದಲ್ಲಿ ಅಗ್ಗಕ್ಕೆ ಕೊಟ್ಟದ್ದು ನಿಜವೇ ಎಂಬ ಪ್ರಶ್ನೆಯೂ ಇದೆ. ಭಾರತದಲ್ಲಿ ರಿಯಾಯಿತಿಯನ್ನು ಸಾಮಾನ್ಯವಾಗಿ ಗರಿಷ್ಠ ಚಿಲ್ಲರೆ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಅದು ದಾಟಬಾರದ ಮಿತಿಯಷ್ಟೇ, ಯಾರೂ ಆ ಬೆಲೆಗೆ ಮಾರಿರಬೇಕೆಂದಿಲ್ಲ. ಐರೋಪ್ಯ ಒಕ್ಕೂಟ ಈ ಚಾತುರ್ಯವನ್ನು 2022ರಲ್ಲಿ ಕಟ್ಟಿಹಾಕಿತು. ಬೆಲೆ ಇಳಿಸಿದ್ದೇವೆ ಎನ್ನುವವರು ಹಿಂದಿನ ಕನಿಷ್ಠ ಮೂವತ್ತು ದಿನಗಳಲ್ಲಿ ತಾವೇ ಮಾರಿದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಶೇಕಡಾವಾರು ರಿಯಾಯಿತಿಯನ್ನೂ ಆ ಬೆಲೆಯ ಮೇಲೆಯೇ ಲೆಕ್ಕ ಹಾಕಬೇಕೆಂದು ಒಕ್ಕೂಟದ ನ್ಯಾಯಾಲಯ 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಭಾರತದ ರಾಷ್ಟ್ರೀಯ ಗ್ರಾಹಕ ಆಯೋಗವೂ ತೆರಿಗೆ ಸೇರಿದ ಗರಿಷ್ಠ ಬೆಲೆಯ ಮೇಲೆ ರಿಯಾಯಿತಿ ಘೋಷಿಸಿ, ಇಳಿಸಿದ ಬೆಲೆಗೆ ಮತ್ತೆ ತೆರಿಗೆ ಸೇರಿಸಿದ್ದನ್ನು 2017ರಲ್ಲಿ ಅನುಚಿತ ವ್ಯಾಪಾರ ಪದ್ಧತಿ ಎಂದಿತ್ತು.

ಸಾಬೀತು ಮಾಡುವ ಹೊರೆ ಯಾರದು

ಹಕ್ಕು ಕಾಗದದಲ್ಲಿದ್ದರೂ ಬಹಳ ದೂರುಗಳು ಸೋಲುವುದು ಇಲ್ಲಿ. ವಸ್ತು ಕೊಳ್ಳುವಾಗಲೇ ಕೆಟ್ಟಿತ್ತೋ, ಮನೆಯಲ್ಲಿ ಕೆಟ್ಟಿತೋ? ಬ್ರಿಟನ್ನಿನಲ್ಲಿ ಮೊದಲ ಮೂವತ್ತು ದಿನಗಳಲ್ಲಿ ದೋಷಯುಕ್ತ ವಸ್ತುವನ್ನು ತಿರಸ್ಕರಿಸಿ ಹಣ ಕೇಳಬಹುದು. ಅದರ ಬದಲು ದುರಸ್ತಿ ಅಥವಾ ಬದಲಿ ಕೇಳುವವರಿಗೆ, ಆರು ತಿಂಗಳೊಳಗೆ ಕಂಡ ದೋಷ ಮೊದಲಿನಿಂದಲೇ ಇತ್ತೆಂದು ಕಾನೂನು ಭಾವಿಸುತ್ತದೆ, ಅಲ್ಲವೆಂದು ತೋರಿಸುವುದು ಮಾರಾಟಗಾರರ ಪಾಲಿಗೆ. ಐರೋಪ್ಯ ಒಕ್ಕೂಟದಲ್ಲಿ ಹೀಗೆ ಭಾವಿಸುವ ಅವಧಿ ಒಂದು ವರ್ಷ. ಭಾರತದಲ್ಲಿ ಅಂಥ ನೆರವು ಇಲ್ಲ, ದೋಷವಿದೆ ಎಂದು ತೋರಿಸಬೇಕಾದವರು ದೂರುದಾರರೇ. ಅಗತ್ಯವಿದ್ದರೆ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಡಿಸ್‌ಪ್ಲೇ ಪೀಸ್ ಕೊಂಡವರಿಗೆ ಈ ಹೊರೆ ಇನ್ನೂ ಭಾರ, ಏಕೆಂದರೆ ಸವೆತ ಮೊದಲೇ ಇತ್ತೆಂದು ಇಬ್ಬರೂ ಒಪ್ಪುತ್ತಾರೆ. ಎಷ್ಟಿತ್ತು ಎಂಬುದೇ ಜಗಳ.

ಹೀಗಾಗಿ ತೊಂದರೆ ಕಂಡ ದಿನವೇ ಬರಹದಲ್ಲಿ ತಿಳಿಸುವುದು, ಸರ್ವಿಸ್ ಸೆಂಟರಿನ ವರದಿಯಲ್ಲಿ ಕಾರಣವನ್ನು ಬರೆಸಿಕೊಳ್ಳುವುದು, ತಾವಾಗಿ ಬಿಚ್ಚಿ ನೋಡದಿರುವುದು ಮುಖ್ಯ. ಬಿಲ್ ಇಲ್ಲದೆ ಕೊಂಡರೆ ಇನ್ನೂ ಕಡಿಮೆಗೆ ಕೊಡುತ್ತೇವೆ ಎಂಬ ಮಾತಿಗೆ ಒಪ್ಪಿದವರು ಕೈಯಲ್ಲಿದ್ದ ಪುರಾವೆಯನ್ನೇ ಬಿಟ್ಟುಕೊಟ್ಟಂತೆ. ಬಿಲ್ ಕೊಡದಿರುವುದೂ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಅಂಗಡಿ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಬಹುದು. ಆಮೇಲೆ ಜಿಲ್ಲಾ ಆಯೋಗ. ದೂರುದಾರರು ವಾಸಿಸುವ ಊರಿನಲ್ಲಿಯೇ ದೂರು ಕೊಡಬಹುದು, ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.

ಮುಂದೆ ಈ ಸರಕು ಇನ್ನೂ ಹೆಚ್ಚುತ್ತದೆ

ಫ್ರಾನ್ಸ್ 2020ರ ಕಾನೂನಿನಿಂದ, ಮಾರಾಟವಾಗದೆ ಉಳಿದ ಆಹಾರೇತರ ಸರಕನ್ನು ನಾಶಪಡಿಸುವುದಕ್ಕೆ ತಡೆ ಹಾಕಿತು. ಐರೋಪ್ಯ ಒಕ್ಕೂಟದಲ್ಲಿ ದೊಡ್ಡ ಕಂಪನಿಗಳು ಉಳಿದ ಬಟ್ಟೆ, ಪಾದರಕ್ಷೆಗಳನ್ನು ನಾಶ ಮಾಡುವುದಕ್ಕೆ 2026ರ ಜುಲೈ 19ರಿಂದ ನಿಷೇಧ. ಪರಿಸರಕ್ಕೆ ಇದು ಒಳ್ಳೆಯದು. ಕಸವಾಗಬಹುದಾಗಿದ್ದ ವಸ್ತು ಬಳಕೆಗೆ ಬರುತ್ತದೆ, ಕಡಿಮೆ ವರಮಾನದವರಿಗೂ ಒಳ್ಳೆಯ ವಸ್ತು ಎಟುಕುತ್ತದೆ. ನಾಶ ಮಾಡಲಾಗದ್ದು, ಆನ್‌ಲೈನ್‌ನಿಂದ ಮರಳಿ ಬಂದದ್ದು, ಪ್ರದರ್ಶನದಿಂದ ಇಳಿಸಿದ್ದು ಎಲ್ಲವೂ ರಿಯಾಯಿತಿಯ ಮಾರುಕಟ್ಟೆಗೇ ಹರಿಯಬೇಕು. ಆ ಮಾರುಕಟ್ಟೆಯಲ್ಲಿ ಹಕ್ಕು ಮಸುಕಾಗಿದ್ದರೆ, ನಿಜವಾಗಿ ಕೆಟ್ಟ ಸರಕು ‘ಡಿಸ್‌ಪ್ಲೇ ಪೀಸ್’ ಎಂಬ ಚೀಟಿ ಅಂಟಿಸಿಕೊಂಡು ಒಳಗೆ ನುಸುಳುತ್ತದೆ. ನಾಲ್ಕು ಜನ ಮೋಸಹೋದರೆ ಐದನೆಯವರು ಅತ್ತ ಸುಳಿಯುವುದಿಲ್ಲ. ಆಗ ಪ್ರಾಮಾಣಿಕ ವ್ಯಾಪಾರಿಯ ಒಳ್ಳೆಯ ಡಿಸ್‌ಪ್ಲೇ ಪೀಸ್ ಕೂಡ ಮಾರಾಟವಾಗುವುದಿಲ್ಲ.

ಭಾರತದ ಕಾಯ್ದೆಯಲ್ಲಿ ಎರಡು ತಿದ್ದುಪಡಿಗಳು ಸಾಕು. ದೋಷಯುಕ್ತ ಸರಕನ್ನು ವಾಪಸ್ ಪಡೆಯುವ ಅವಧಿಯನ್ನು ಬಿಲ್ಲಿನಲ್ಲಿ ಹೆಚ್ಚಿಸಬಹುದು, ಮೂವತ್ತು ದಿನಕ್ಕಿಂತ ಇಳಿಸಬಾರದು ಎಂದು ಸೇರಿಸುವುದು ಒಂದು. ಪ್ರದರ್ಶನಕ್ಕಿಟ್ಟ ಮತ್ತು ಮರಳಿ ಬಂದ ವಸ್ತುಗಳ ದೋಷ, ಬಳಕೆಯ ಅವಧಿ, ಉಳಿದ ವಾರಂಟಿಯನ್ನು ಬಿಲ್ಲಿನಲ್ಲಿ ಬರೆಯುವುದು ಕಡ್ಡಾಯ, ಬರೆಯದ ದೋಷಕ್ಕೆ ಮಾರಾಟಗಾರರೇ ಹೊಣೆ ಎನ್ನುವುದು ಇನ್ನೊಂದು. ಅಲ್ಲಿಯವರೆಗೆ ಆ ವಿವರಗಳನ್ನು ಕೇಳಿ ಬರೆಸಿಕೊಳ್ಳುವ ಕೆಲಸ ಕೊಳ್ಳುವವರ ಮೇಲೆಯೇ ಇರುತ್ತದೆ. ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಆ ವಸ್ತುವನ್ನು ಎಷ್ಟೇ ಅಗ್ಗವಾದರೂ ಕೊಳ್ಳದಿರುವುದು ಲೇಸು.